ಬೆದರುವ ಕುದುರೆಯೂ ತಾಳ್ಮೆಯ ಕೈಯೂ

ಕುದುರೆಯೆಂದೊಡನೆ ನಮ್ಮ ಮನಸ್ಸಿನ ಮುಂದೆ ನಿಲ್ಲುವುದು ಪರಾಕ್ರಮದ ಚಿತ್ರ. ವೀರಗಲ್ಲುಗಳಲ್ಲಿ ರಾವುತನನ್ನು ಹೊತ್ತು ಮುಂಗಾಲೆತ್ತಿ ನಿಂತ ಕುದುರೆ, ಕಾವ್ಯಗಳಲ್ಲಿ ಗಾಳಿಯನ್ನು ಹಿಂದಿಕ್ಕುವ ಕುದುರೆ, ಅಶ್ವಮೇಧದಲ್ಲಿ ದೇಶದೇಶಗಳನ್ನು ಸುತ್ತಿಬರುವ ಕುದುರೆ, ಇವೆಲ್ಲ ಸೇರಿ ವೀರರ ಸಾಲಿನಲ್ಲಿ ಅದಕ್ಕೊಂದು ಪೀಠವನ್ನು ಕೊಟ್ಟಿವೆ. ಆದರೆ ಲಾಯದಲ್ಲಿ ಅದರೊಡನೆ ಬಾಳಿದವರು ಹೇಳುವ ಮಾತೇ ಬೇರೆ. 400–500 ಕಿಲೋಗ್ರಾಂ ತೂಗುವ ಈ ಪ್ರಾಣಿ ಗಾಳಿಗೆ ಹಾರಿದ ಒಂದು ಕಾಗದದ ಚೂರಿಗೆ ಬೆಚ್ಚಿ ಮಾರುದೂರ ನೆಗೆಯುತ್ತದೆ. ನಿನ್ನೆ ಇಲ್ಲದ ಕೊಡೆಯೊಂದು ಇಂದು ಬೇಲಿಯ ಮೇಲೆ ಒಣಗಿದ್ದರೆ ಆ ದಾರಿಯಲ್ಲಿ ಹೆಜ್ಜೆಯಿಡಲಾರದೆ ನಿಂತುಬಿಡುತ್ತದೆ.

ಹೀಗೆ ಬೆದರುವ ಕುದುರೆಗೆ ಲೋಕ ಕೊಡುವ ಹೆಸರು ಮೊಂಡು, ಪುಂಡು, ದುಷ್ಟ ಎಂಬುದು. ಹೆಸರು ಬಿದ್ದ ಮೇಲೆ ಚಾವಟಿ ಬೀಳುತ್ತದೆ. ಚಾವಟಿ ಬಿದ್ದಷ್ಟೂ ಅಂಜಿಕೆ ಬೆಳೆಯುತ್ತದೆ. ಕೊನೆಗೆ ಸವಾರನೋ ಲಾಯದಾಳೋ ಗಾಯಗೊಳ್ಳುತ್ತಾನೆ. ಕುದುರೆಯೋ ಒಬ್ಬ ಒಡೆಯನಿಂದ ಇನ್ನೊಬ್ಬ ಒಡೆಯನಿಗೆ ಮಾರಾಟವಾಗುತ್ತ, ಹೋದೆಡೆಯಲ್ಲೆಲ್ಲ ಅದೇ ಹೆಸರನ್ನು ಹೊತ್ತುಕೊಂಡು ತಿರುಗುತ್ತದೆ. ಈ ಸುಳಿಯನ್ನು ಒಡೆಯುವ ಉಪಾಯ ಹೊಸದೇನೂ ಅಲ್ಲ, ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆಯೇ ಬರೆದಿಟ್ಟದ್ದು. ಅದು ಏನು, ಏಕೆ ಫಲಿಸುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಮೊದಲು ಕುದುರೆಯ ಅಂಜಿಕೆಗೆ ಕಾರಣವನ್ನು ನೋಡಬೇಕು. ಅದು ಬಯಲಿನಲ್ಲಿ ಹಿಂಡುಗೂಡಿ ಹುಲ್ಲು ಮೇಯುತ್ತಿದ್ದ ಪ್ರಾಣಿ. ಕೊಂಬಿಲ್ಲ, ಕೋರೆಯಿಲ್ಲ, ಒದೆಯುವುದೂ ಕಚ್ಚುವುದೂ ಓಡಲು ದಾರಿಯಿಲ್ಲದಾಗಿನ ಕೊನೆಯ ಮಾತು. ಅದರ ನಿಜವಾದ ಆಯುಧ ನಾಲ್ಕು ಕಾಲು. ಹುಲ್ಲಿನಲ್ಲಿ ಸರಕ್ಕೆಂದದ್ದು ಹೆಬ್ಬುಲಿಯೋ ಹೆಗ್ಗಣವೋ ಎಂದು ವಿಚಾರಿಸುತ್ತ ನಿಂತವು ಬದುಕಲಿಲ್ಲ; ಮೊದಲು ಓಡಿ ಆಮೇಲೆ ತಿರುಗಿ ನೋಡಿದವು ಬದುಕಿ ಸಂತತಿಯನ್ನು ಬೆಳೆಸಿದವು. ಇಂದಿನ ಕುದುರೆಗಳೆಲ್ಲ ಆ ಓಡಿದವುಗಳ ಮಕ್ಕಳು. ಹುಟ್ಟಿದ ಒಂದೆರಡು ಗಂಟೆಗಳೊಳಗಾಗಿ ಮರಿ ಎದ್ದುನಿಂತು ತಾಯಿಯ ಪಕ್ಕದಲ್ಲಿ ಹೆಜ್ಜೆಹಾಕುವುದೂ ಈ ಕಾರಣಕ್ಕಾಗಿಯೇ.

ಅದರ ಇಂದ್ರಿಯಗಳೂ ಈ ಬಾಳಿಗೆ ತಕ್ಕಂತೆ ರೂಪುಗೊಂಡಿವೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಕುದುರೆ ತಲೆ ತಿರುಗಿಸದೆಯೇ ಸುತ್ತಲಿನ 360 ಅಂಶಗಳಲ್ಲಿ ಸುಮಾರು 350 ಅಂಶಗಳಷ್ಟನ್ನು ಕಾಣಬಲ್ಲದು. ಕಾಣದೆ ಉಳಿಯುವುದು ಹಣೆಯ ನೇರ ಮುಂದಿನ ಕಿರಿದಾದ ಜಾಗ ಮತ್ತು ಬಾಲದ ನೇರ ಹಿಂದಿನ ಜಾಗ. ಇದನ್ನರಿಯದವನು ಪ್ರೀತಿಯಿಂದಲೇ ಹಣೆಯ ಮುಂದಕ್ಕೆ ಕೈಚಾಚುತ್ತಾನೆ. ಕುದುರೆಗಾದರೋ ಆ ಕೈ ಶೂನ್ಯದಿಂದ ಹುಟ್ಟಿಬಂದಂತಾಗುತ್ತದೆ, ಅದು ತಲೆಕೊಡವುತ್ತದೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಉರಿಬಿಸಿಲಿನಿಂದ ಬಂದ ಕುದುರೆ ಲಾಯದ ಕತ್ತಲ ಬಾಗಿಲಲ್ಲಿ ಹಿಂಜರಿದರೆ ಅದು ಹಟವಲ್ಲ, ಒಳಗೇನಿದೆಯೆಂದು ಅದಕ್ಕೆ ಕಾಣುತ್ತಿಲ್ಲ. ಇನ್ನು ಚರ್ಮದ ಸೂಕ್ಷ್ಮತೆ: ಒಂದು ನೊಣ ಕುಳಿತರೆ ಅಷ್ಟೇ ಭಾಗವನ್ನು ಅದಿರಿಸಿ ಓಡಿಸಬಲ್ಲ ಮೈ ಅದು. ಅಂಥ ಮೈಗೆ ಚಾವಟಿಯ ಏಟು ಏನಾಗಿ ತೋರೀತೆಂಬುದನ್ನು ಓದುಗರೇ ಊಹಿಸಬಹುದು.

ಈ ಏಟಿನ ವಿಷಯದಲ್ಲಿ ಪ್ರಾಚೀನ ಗ್ರೀಸಿನ ಜೆನೊಫನ್ ಹೇಳಿದ ಮಾತು ಇಂದಿಗೂ ಮನನಯೋಗ್ಯವಾಗಿದೆ. ಈತ ಅಥೆನ್ಸಿನವನು, ಸಾಕ್ರಟೀಸನ ಶಿಷ್ಯ, ಸೇನಾನಿ, ಇತಿಹಾಸಕಾರ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವಾರೋಹಣವನ್ನು ಕುರಿತು ಒಂದು ಚಿಕ್ಕ ಗ್ರಂಥವನ್ನು ಬರೆದನು. ಕುದುರೆಯ ಬಳಿಗೆ ಎಂದೂ ಕೋಪದಿಂದ ಹೋಗಬಾರದು, ಕೋಪಕ್ಕೆ ಮುಂದಾಲೋಚನೆಯಿಲ್ಲ ಎಂಬುದು ಅವನ ಮೊದಲ ಸೂತ್ರ. ಕುದುರೆ ಒಂದು ವಸ್ತುವನ್ನು ಕಂಡು ಬೆದರಿದರೆ ಸವಾರನು ಹೊಡೆಯಕೂಡದು. ಅಂಜಬೇಕಾದದ್ದೇನೂ ಇಲ್ಲವೆಂದು ತಾನೇ ಆ ವಸ್ತುವನ್ನು ಮುಟ್ಟಿ ತೋರಿಸಿ, ಕುದುರೆಯನ್ನು ಮೆಲ್ಲನೆ ಅದರ ಹತ್ತಿರಕ್ಕೆ ನಡೆಸಬೇಕು ಎನ್ನುತ್ತಾನೆ. ಏಕೆಂದರೆ ಹೊಡೆತ ತಿಂದ ಕುದುರೆ ಆ ನೋವು ಸವಾರನಿಂದ ಬಂತೆಂದು ತಿಳಿಯುವುದಿಲ್ಲ, ಎದುರಿಗಿರುವ ಆ ವಸ್ತುವಿನಿಂದಲೇ ಬಂತೆಂದು ತಿಳಿಯುತ್ತದೆ. ಕೊಡೆಯನ್ನು ಕಂಡು ಬೆದರಿದ ಕುದುರೆಗೆ ಹೊಡೆದರೆ ‘ಕೊಡೆಯೆಂಬುದು ನೋಯಿಸುವ ಪ್ರಾಣಿ’ ಎಂಬ ಪಾಠವನ್ನು ನಾವೇ ಕೈಹಿಡಿದು ಕಲಿಸಿದಂತಾಯಿತು. ತರ್ಕ ಎಷ್ಟು ಸರಳವಾಗಿದೆ! ಆದರೂ ಇದನ್ನು ಮರೆತು ನಡೆದವರ ಸಂಖ್ಯೆ ಅಂದಿಗೂ ಕಡಿಮೆಯಿರಲಿಲ್ಲ, ಇಂದಿಗೂ ಕಡಿಮೆಯಿಲ್ಲ.

ಅಂಜಿಕೆಯ ಮೂಲವನ್ನು ಹುಡುಕಿದವನು ಗೆಲ್ಲುತ್ತಾನೆಂಬುದಕ್ಕೆ ಪ್ಲುಟಾರ್ಕನು ಬರೆದ ಅಲೆಕ್ಸಾಂಡರನ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಕಥೆಯಿದೆ. ಥೆಸಲಿಯ ವ್ಯಾಪಾರಿಯೊಬ್ಬನು ಫಿಲಿಪ್ ದೊರೆಯ ಬಳಿಗೆ ಬ್ಯುಸಿಫಲಸ್ ಎಂಬ ಕುದುರೆಯನ್ನು ತಂದು 13 ಟ್ಯಾಲೆಂಟ್ ಬೆಲೆ ಹೇಳಿದನು. ಕುದುರೆ ಯಾರನ್ನೂ ಹತ್ತಿರ ಸೇರಿಸಲಿಲ್ಲ. ದೊರೆ ಅದನ್ನು ಹಿಂದಕ್ಕೆ ಕಳುಹಿಸಲು ಹೇಳಿದನು. ಇನ್ನೂ ಹುಡುಗನಾಗಿದ್ದ ಅಲೆಕ್ಸಾಂಡರನು ಅಷ್ಟು ಹೊತ್ತೂ ನೋಡುತ್ತ ನಿಂತಿದ್ದನು. ಕುದುರೆ ಹೆದರುತ್ತಿದ್ದದ್ದು ಮನುಷ್ಯರಿಗಲ್ಲ, ತನ್ನ ಮುಂದೆ ಬಿದ್ದು ತನ್ನೊಡನೆಯೇ ಕುಣಿಯುತ್ತಿದ್ದ ನೆರಳಿಗೆ ಎಂಬುದು ಅವನಿಗೆ ಹೊಳೆಯಿತು. ಅವನು ಅದನ್ನು ಸೂರ್ಯನ ಕಡೆಗೆ ತಿರುಗಿಸಿ ನಿಲ್ಲಿಸಿ, ಮೈದಡವುತ್ತ ಪಕ್ಕದಲ್ಲಿ ಸ್ವಲ್ಪ ದೂರ ನಡೆದು, ಮೇಲುಹೊದಿಕೆಯನ್ನು ಸದ್ದಿಲ್ಲದೆ ಕೆಳಗೆ ಬಿಟ್ಟು, ಮೆಲ್ಲನೆ ಏರಿ ಕುಳಿತನು. ಲಗಾಮನ್ನು ಜಗ್ಗಲಿಲ್ಲ, ಹೊಡೆಯಲಿಲ್ಲ; ಕುದುರೆ ಸಮಾಧಾನಗೊಂಡ ಮೇಲೆಯೇ ಓಡಲು ಬಿಟ್ಟನು. ಪ್ಲುಟಾರ್ಕನು ಅಲೆಕ್ಸಾಂಡರನ ಕಾಲದಿಂದ ನಾಲ್ಕು ಶತಮಾನಗಳ ಈಚಿನವನು. ಕಥೆಗೆ ಬಣ್ಣ ಸೇರಿರಬಹುದು. ಆದರೆ ಇದರಲ್ಲಿ ಹೇಳಿದ ಕ್ರಮದಲ್ಲಿ ತಪ್ಪಿಲ್ಲ. ಉಳಿದವರು ಕುದುರೆಯನ್ನು ನೋಡಿದರು. ಈ ಹುಡುಗ ಕುದುರೆ ನೋಡುತ್ತಿದ್ದುದನ್ನು ನೋಡಿದನು.

ಇಲ್ಲಿ ಒಂದು ಶಬ್ದವಿಚಾರ ಅಪ್ರಸ್ತುತವಾಗಲಾರದು. ಇಂಗ್ಲಿಷಿನಲ್ಲಿ ಎಳೆಯ ಕುದುರೆಯನ್ನು ಸವಾರಿಗೆ ತಯಾರುಮಾಡುವುದಕ್ಕೆ ಅದನ್ನು ‘ಮುರಿಯುವುದು’ ಎಂಬರ್ಥದ ಮಾತು ಬಳಕೆಯಲ್ಲಿದೆ. ನಾವು ಹೇಳುವುದು ‘ಪಳಗಿಸುವುದು’ ಎಂದು. ‘ಪಳಗು’ ಎಂದರೆ ರೂಢಿಯಾಗು, ಬಳಕೆಯಾಗು. ಹಳಗನ್ನಡದ ‘ಪೞಗು’ ಎಂಬ ಈ ಧಾತುವಿಗೂ ‘ಹಳೆಯದು’ ಎಂಬರ್ಥದ ‘ಪೞೆ’ ಎಂಬುದಕ್ಕೂ ಹತ್ತಿರದ ನಂಟು. ಎಂದರೆ, ಹೊಸತಾಗಿ ಕಂಡದ್ದನ್ನು ಹಳತಾಗಿ ಮಾಡಿಕೊಡುವುದೇ ಪಳಗಿಸುವುದು. ಕುದುರೆಯ ಅಂಜಿಕೆಗೆ ಮದ್ದೇನೆಂಬುದನ್ನು ನಮ್ಮ ಮಾತು ತನ್ನೊಳಗೇ ಇಟ್ಟುಕೊಂಡಿದೆ: ಯಾವುದನ್ನೂ ಮುರಿಯಬೇಕಾಗಿಲ್ಲ, ಹಳತಾಗಿಸಬೇಕು.

ನಮ್ಮ ಪುರಾಣೇತಿಹಾಸಗಳಿಗೂ ಈ ವಿದ್ಯೆ ಅಪರಿಚಿತವಲ್ಲ. ಅಜ್ಞಾತವಾಸದಲ್ಲಿ ನಕುಲನು ಗ್ರಂಥಿಕನೆಂಬ ಹೆಸರಿನಿಂದ ವಿರಾಟನ ಲಾಯವನ್ನು ಸೇರುವಾಗ, ಕುದುರೆಗಳ ಸ್ವಭಾವ, ಶಿಕ್ಷಣ, ಚಿಕಿತ್ಸೆ ಮೂರನ್ನೂ ಬಲ್ಲೆನೆಂದೂ ತನ್ನ ಕೈಕೆಳಗಿನ ಕುದುರೆ ಎಂದೂ ಕಾತರವಾಗದೆಂದೂ ಹೇಳಿಕೊಳ್ಳುತ್ತಾನೆ. ಸಂಸ್ಕೃತದಲ್ಲಿ ‘ಕಾತರ’ವೆಂದರೆ ಅಂಜುಕುಳಿ. ಅವನು ಎಣಿಸಿದ ಮೂರರಲ್ಲಿ ಸ್ವಭಾವ ಮೊದಲು ಬಂತು, ಶಿಕ್ಷಣ ಆಮೇಲೆ ಬಂತೆಂಬುದನ್ನು ಗಮನಿಸಬೇಕು. ನಳೋಪಾಖ್ಯಾನದಲ್ಲಿ ಬಾಹುಕವೇಷದ ನಳನು ಋತುಪರ್ಣನಿಗೆ ಕೊಟ್ಟ ವಿದ್ಯೆಯ ಹೆಸರಂತೂ ‘ಅಶ್ವಹೃದಯ’. ಕುದುರೆಯ ಬಾಯಿಗೆ ಕಡಿವಾಣ ಹಾಕುವ ವಿದ್ಯೆಯಲ್ಲ, ಅದರ ಹೃದಯವನ್ನು ತಿಳಿಯುವ ವಿದ್ಯೆ!

ಹಾಗಾದರೆ ಬೆದರುವ ಕುದುರೆಯೊಡನೆ ನಡೆದುಕೊಳ್ಳುವ ಕ್ರಮವೇನು? ಬಲ್ಲವರು ಅನುಸರಿಸುವ ರೀತಿ ಸ್ಥೂಲವಾಗಿ ಹೀಗಿದೆ.

ಮೊದಲನೆಯದಾಗಿ, ಅಂಜಿಕೆಯೆಂದು ತೀರ್ಮಾನಿಸುವ ಮುನ್ನ ನೋವಿದೆಯೇ ಎಂದು ನೋಡುತ್ತಾರೆ. ಬೆನ್ನಿಗೆ ಒತ್ತುವ ಜೀನು, ಬಾಯೊಳಗೆ ಚೂಪಾದ ಹಲ್ಲು, ನೊಂದ ಗೊರಸು, ಇವುಗಳಲ್ಲಿ ಯಾವುದೊಂದಿದ್ದರೂ ಕುದುರೆ ಮನುಷ್ಯನನ್ನು ಕಂಡು ಸಿಡಿಯುತ್ತದೆ. ಇದು ಪಶುವೈದ್ಯನ ಕೆಲಸ. ತಾಳ್ಮೆಯಿಂದ ಹಲ್ಲುನೋವು ಹೋಗುವುದಿಲ್ಲ.

ಎರಡನೆಯದಾಗಿ, ಹತ್ತಿರ ಹೋಗುವ ರೀತಿ. ನೇರ ಮುಂದಿನಿಂದಾಗಲಿ ಹಿಂದಿನಿಂದಾಗಲಿ ಹೋಗದೆ, ಅದಕ್ಕೆ ಕಾಣುವಂತೆ ಹೆಗಲಿನ ಕಡೆಯಿಂದ, ಮೆಲುದನಿಯಲ್ಲಿ ಮಾತಾಡುತ್ತ ಹೋಗಬೇಕು. ಕುದುರೆ ತಲೆಯೆತ್ತಿ, ಕಿವಿ ನಿಮಿರಿಸಿ, ಮೈ ಬಿಗಿದ ಕೂಡಲೆ ನಿಲ್ಲಬೇಕು. ಆ ಬಿಗುವು ಸಡಿಲಿ, ತಲೆ ಸ್ವಲ್ಪ ತಗ್ಗಿ, ಒಂದು ಕಿವಿ ನಮ್ಮ ಕಡೆ ತಿರುಗುವತನಕ ಕಾಯಬೇಕು. ಅದು ಸಡಿಲಿದಾಗ ಮುಂದೆ ನುಗ್ಗಬಾರದು; ಒಂದೆರಡು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಇದು ನೋಡುವವರಿಗೆ ವಿಚಿತ್ರವಾಗಿ ತೋರುತ್ತದೆ. ಗಳಿಸಿದ ನೆಲವನ್ನು ಬಿಟ್ಟುಕೊಡುವುದೇ? ಹೌದು. ಕುದುರೆ ಬಯಸುವ ಬಹುಮಾನ ಬೆಲ್ಲವಲ್ಲ, ಹುರುಳಿಯೂ ಅಲ್ಲ. ತನ್ನ ಮೇಲಿನ ಒತ್ತಡ ಹೋಗುವುದೇ ಅದಕ್ಕೆ ದೊಡ್ಡ ಬಹುಮಾನ. ‘ನಾನು ಸಮಾಧಾನದಿಂದ ನಿಂತರೆ ಇವನು ದೂರ ಸರಿಯುತ್ತಾನೆ’ ಎಂಬುದು ತಿಳಿದ ಮೇಲೆ, ಓಡಿಹೋಗಬೇಕಾದ ಅಗತ್ಯ ಅದಕ್ಕೆ ಕಾಣುವುದಿಲ್ಲ. ಮತ್ತೆ ಹತ್ತಿರ ಹೋಗಿ ಮತ್ತೆ ಸರಿದರೆ, ಪ್ರತಿ ಸಲವೂ ಒಂದು ಹೆಜ್ಜೆ ಹೆಚ್ಚಾಗಿ ಒಳಗೆ ಬರಗೊಡುತ್ತದೆ.

ಹಗ್ಗ ಲಗಾಮುಗಳ ಪಾಠವೂ ಇದೇ ಸೂತ್ರದ ಮೇಲೆ ನಿಂತಿದೆ. ಎಳೆದಾಗಲಲ್ಲ, ಸಡಿಲಿಸಿದಾಗ ಕುದುರೆ ಕಲಿಯುತ್ತದೆ. ಹಗ್ಗವನ್ನು ಮೆಲ್ಲನೆ ಬಿಗಿಹಿಡಿದು, ಅದು ಒಂದು ಹೆಜ್ಜೆಯಿಟ್ಟ ಕ್ಷಣದಲ್ಲಿಯೇ ಸಡಿಲಿಸಿದರೆ, ಹೆಜ್ಜೆಯಿಟ್ಟದ್ದು ಸರಿಯಾಯಿತೆಂದು ತಿಳಿಯುತ್ತದೆ. ತಡವಾಗಿ ಸಡಿಲಿಸಿದರೆ ಯಾವುದಕ್ಕಾಗಿ ಬಿಡುಗಡೆ ಸಿಕ್ಕಿತೆಂದು ಅದಕ್ಕೆ ಗೊತ್ತಾಗದು. ಜಗ್ಗಾಡುವಾಗ ಸಡಿಲಿಸಿದರೆ ಜಗ್ಗಾಡುವುದನ್ನೇ ಕಲಿಸಿದಂತೆ. ಆದ್ದರಿಂದ ತಾಳ್ಮೆಯೆಂದರೆ ಕೈಕಟ್ಟಿ ಕೂತಿರುವುದೆಂದು ಯಾರೂ ಭಾವಿಸಬಾರದು. ಕಾಯುವುದು ಅದರ ಅರ್ಧ ಮಾತ್ರ. ಗಳಿಗೆ ಬಂದಾಗ ಕೈ ಬಿಡುವುದು ಉಳಿದರ್ಧ.

ಮೂರನೆಯದು ಸ್ಪರ್ಶ. ಮೊದಲ ದಿನಗಳಲ್ಲಿ ಮೂತಿಯನ್ನೂ ಕಿವಿಯನ್ನೂ ಮುಟ್ಟಲು ಹೋಗದೆ, ಕತ್ತು ಬೆನ್ನಿಗೆ ಕೂಡುವ, ಕೇಸರ ಮುಗಿಯುವ ಎಡೆಯಲ್ಲಿ ಕೆರೆಯುವುದು ಮೇಲು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ನೇವರಿಸುವುದು ಅಲ್ಲಿಯೇ. ಫ್ರಾನ್ಸಿನ ಕಮಾರ್ಗ್ ಕುದುರೆಗಳನ್ನು ಪರೀಕ್ಷಿಸಿದ ಕ್ಲೌಡಿಯಾ ಫೆ ಮತ್ತು ಜಾನ್ ದ ಮಾಜಿಯೇರ್ ಎಂಬ ಸಂಶೋಧಕಿಯರು, ಆ ಜಾಗದಲ್ಲಿ ನೇವರಿಸಿದಾಗ ಕುದುರೆಯ ಹೃದಯದ ಬಡಿತ ನಿಧಾನವಾಗುವುದನ್ನೂ, ಬೇರೆ ಕಡೆ ನೇವರಿಸಿದರೆ ಹಾಗಾಗದಿರುವುದನ್ನೂ 1993ರಲ್ಲಿ ಪ್ರಕಟಿಸಿದರು. ಮರಿಯನ್ನು ಮುಟ್ಟುವಾಗ ಕೂದಲು ದಟ್ಟವಾದ ಭಾಗಗಳನ್ನೂ ಅದು ತಾನೇ ತುರಿಸಿಕೊಳ್ಳಲಾರದ ಭಾಗಗಳನ್ನೂ ಮುಟ್ಟಬೇಕೆಂದು ಜೆನೊಫನ್ ಬರೆದಿದ್ದನು. ಅನುಭವ ಹೇಳಿದ್ದನ್ನು ಯಂತ್ರ ಅಳೆದು ತೋರಿಸಿತು.

ನಾಲ್ಕನೆಯದು, ಅಂಜುವ ವಸ್ತುವನ್ನು ಹಳತಾಗಿಸುವುದು. ಇದರಲ್ಲಿ ಎರಡು ಮತಗಳುಂಟು: ಒಮ್ಮೆಗೇ ಎದುರಿಗೆ ತಂದು, ಬೇಸತ್ತು ಸುಮ್ಮನಾಗುವವರೆಗೆ ಬಿಡುವುದು ಒಂದು, ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಹತ್ತಿರ ತರುವುದು ಇನ್ನೊಂದು. ಡೆನ್ಮಾರ್ಕಿನ ಯಾನೆ ಕ್ರಿಸ್ಟೆನ್ಸನ್ ಮತ್ತು ಅವರ ಸಹೋದ್ಯೋಗಿಗಳು ಎರಡು ವರ್ಷ ವಯಸ್ಸಿನ 27 ಗಂಡು ಕುದುರೆಗಳನ್ನು ಮೂರು ಗುಂಪುಮಾಡಿ, ಅಲುಗಾಡುವ ಬಿಳಿಯ ನೈಲಾನ್ ಚೀಲವೊಂದಕ್ಕೆ ಬೇರೆಬೇರೆ ವಿಧಾನಗಳಿಂದ ಪಳಗಿಸಿ ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೆಟ್ಟಿಲುಮೆಟ್ಟಿಲಾಗಿ ಪಳಗಿಸಿದ ಗುಂಪು ಕಡಿಮೆ ಸಲ ಬೆದರಿತು, ಕಡಿಮೆ ಪಾಠಗಳಲ್ಲಿ ಕಲಿತಿತು, ಆ ಗುಂಪಿನ ಎಲ್ಲ ಕುದುರೆಗಳೂ ಕಲಿತವು. ಉಳಿದ ಗುಂಪುಗಳಲ್ಲಿ ಕೆಲವು ಕಲಿಯದೆಯೇ ಉಳಿದವು. ನಿಧಾನವಾಗಿ ಹೋದವರೇ ಬೇಗ ಮುಟ್ಟಿದರು.

ಇದರ ಒಂದು ರೂಪವನ್ನು ನಮ್ಮವರು ಮೈಸೂರಿನಲ್ಲಿಯೇ ಕಾಣಬಹುದು. ವಿಜಯದಶಮಿಯಂದು ಜಂಬೂಸವಾರಿಯ ವೇಳೆ 21 ಕುಶಾಲತೋಪುಗಳು ಹಾರುತ್ತವೆ. ಆ ಸದ್ದಿಗೆ ಆನೆಗಳೂ ಪೋಲೀಸ್ ಅಶ್ವದಳದ ಕುದುರೆಗಳೂ ಜನಸಂದಣಿಯ ನಡುವೆ ಬೆದರಿದರೆ ಆಗುವ ಅನಾಹುತ ಅಷ್ಟಿಷ್ಟಲ್ಲ. ಆದುದರಿಂದ ದಸರೆಗೆ ಮುಂಚಿನ ವಾರಗಳಲ್ಲಿ ಅವುಗಳನ್ನು ಸಾಲಾಗಿ ನಿಲ್ಲಿಸಿ, ತೋಪು ಹಾರಿಸಿ, ತಾಲೀಮು ನಡೆಸುತ್ತಾರೆ. ಮೊದಲ ಸಲ ಬಂದವು ಬೆಚ್ಚಿ ಹಿಂದೆಗೆಯುತ್ತವೆ. ಹಲವು ದಸರೆಗಳನ್ನು ಕಂಡವು ಕಿವಿಯಾಡಿಸಿ ಸುಮ್ಮನೆ ನಿಲ್ಲುತ್ತವೆ. ಹಬ್ಬದ ದಿನ ನಾವು ನೋಡಿ ಮೆಚ್ಚುವ ಆ ನಿಶ್ಚಲತೆ ಹುಟ್ಟುಗುಣವಲ್ಲ, ಹಳತಾದ ಸದ್ದಿನ ಫಲ.

ಐದನೆಯದು ಎಲ್ಲಕ್ಕಿಂತ ಕಷ್ಟವಾದದ್ದು: ಕಲಿಸುವವನ ಸ್ವಂತ ಮೈಮನಸ್ಸು. ಕುದುರೆ ನಮ್ಮನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆಂಬುದಕ್ಕೆ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಸಾಕ್ಷಿ. ಫಾನ್ ಓಸ್ಟನ್ ಎಂಬ ಗಣಿತದ ಉಪಾಧ್ಯಾಯರು ಅದಕ್ಕೆ ಲೆಕ್ಕ ಕಲಿಸಿದ್ದರು. ಕೂಡುವ ಕಳೆಯುವ ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲ ತಟ್ಟಿ ಸರಿಯಾದ ಉತ್ತರ ಹೇಳುತ್ತಿತ್ತು. ಜನ ಬೆರಗಾದರು, 1904ರಲ್ಲಿ ಒಂದು ಸಮಿತಿಯೂ ಪರೀಕ್ಷೆ ನಡೆಸಿ ಮೋಸವಿಲ್ಲವೆಂದಿತು. ಆಮೇಲೆ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞನು ಗುಟ್ಟನ್ನು ಬಿಡಿಸಿ 1907ರಲ್ಲಿ ಪ್ರಕಟಿಸಿದನು. ಕೇಳುವವನಿಗೇ ಉತ್ತರ ತಿಳಿಯದಿದ್ದರೆ, ಅಥವಾ ಕೇಳುವವನು ಕಣ್ಣಿಗೆ ಬೀಳದಿದ್ದರೆ, ಹಾನ್ಸ್ ಸೋಲುತ್ತಿತ್ತು. ಸರಿಯಾದ ಎಣಿಕೆ ಬಂದೊಡನೆ ಕೇಳುವವನ ತಲೆ ತಾನರಿಯದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಅದನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. ಹಾನ್ಸ್‌ಗೆ ಗಣಿತ ಬರುತ್ತಿರಲಿಲ್ಲ, ನಿಜ. ಆದರೆ ಮನುಷ್ಯರನ್ನು ಓದುವ ವಿದ್ಯೆಯಲ್ಲಿ ಅದು ಮನುಷ್ಯರನ್ನೇ ಮೀರಿಸಿತ್ತು.

ಇಂಥ ಪ್ರಾಣಿಯ ಮುಂದೆ ಒಳಗೆ ಸಿಡುಕನ್ನಿಟ್ಟುಕೊಂಡು ಹೊರಗೆ ಮೃದುವಾಗಿ ಮಾತಾಡಿದರೆ ಪ್ರಯೋಜನವಿಲ್ಲ. ಬಿಗಿದ ಹೆಗಲು, ತಡೆಹಿಡಿದ ಉಸಿರು, ಅವಸರದ ಹೆಜ್ಜೆ ಎಲ್ಲವನ್ನೂ ಅದು ಓದಿಬಿಡುತ್ತದೆ. ಆದಕಾರಣ ಅನುಭವಿಗಳು ಗಡಿಯಾರ ನೋಡುತ್ತ ಲಾಯಕ್ಕೆ ಹೋಗಬಾರದೆನ್ನುತ್ತಾರೆ. ಹತ್ತು ನಿಮಿಷವಾದರೂ ಸಾಕು. ಸಮಾಧಾನದಲ್ಲಿದ್ದಾಗ ಪಾಠವನ್ನು ಮುಗಿಸಬೇಕು, ಸಿಟ್ಟು ಬಂದರೆ ಅಂದಿಗೆ ನಿಲ್ಲಿಸಬೇಕು. ಒಂದು ದಿನದ ಕೋಪ ಹಲವು ದಿನಗಳ ಸಂಪಾದನೆಯನ್ನು ನುಂಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ವಿಷಯ ಪೂರ್ಣವಾಗದು. ಸುಮ್ಮನೆ ನಿಂತ ಕುದುರೆಯೆಲ್ಲ ನಂಬಿದ ಕುದುರೆಯಲ್ಲ. ಕಟ್ಟಿಹಾಕಿ, ಹೊಡೆದು, ದಣಿಸಿ ಪಳಗಿಸಿದ ಕುದುರೆಯೂ ಅಲುಗದೆ ನಿಲ್ಲುತ್ತದೆ. ಏನು ಮಾಡಿದರೂ ಬಿಡುಗಡೆಯಿಲ್ಲವೆಂದು ತಿಳಿದ ಪ್ರಾಣಿಯ ಮೌನ ಅದು. ಹೊರನೋಟಕ್ಕೆ ಎರಡೂ ಒಂದೇ. ಗುರುತಿಸುವ ಲಕ್ಷಣಗಳು ಚಿಕ್ಕವು: ನಂಬಿದ ಕುದುರೆಯ ಕಣ್ಣು ಮೃದುವಾಗಿರುತ್ತದೆ, ಕಿವಿಗಳು ಸುತ್ತಲಿನ ಸದ್ದುಗಳ ಕಡೆ ಆಡುತ್ತಿರುತ್ತವೆ, ಕೆಳದುಟಿ ಸಡಿಲವಾಗಿರುತ್ತದೆ, ಬಿಟ್ಟರೆ ತಾನಾಗಿ ಬಳಿಗೆ ಬರುತ್ತದೆ. ಸೋತು ಸುಮ್ಮನಾದದ್ದರ ಕಣ್ಣು ಎಲ್ಲಿಯೋ ನೆಟ್ಟಿರುತ್ತದೆ. ಮೈ ಕಲ್ಲಿನಂತೆ ಬಿಗಿದಿರುತ್ತದೆ. ಅಂಥದು ವರ್ಷಗಟ್ಟಲೆ ಸಾಧುವೆನಿಸಿಕೊಂಡಿದ್ದು ಒಂದು ದಿನ ಹಠಾತ್ತನೆ ಸಿಡಿದಾಗ ಜನ ‘ಇದಕ್ಕೇನಾಯಿತು?’ ಎಂದು ಆಶ್ಚರ್ಯಪಡುತ್ತಾರೆ. ಹೊಸದಾಗಿ ಏನೂ ಆಗಿರುವುದಿಲ್ಲ. ಅಂಜಿಕೆ ಮೊದಲಿನಿಂದಲೂ ಅಲ್ಲಿಯೇ ಇತ್ತು.

ತರಗತಿಯಲ್ಲಿ ಮೂವತ್ತು ವರ್ಷ ನಿಂತ ನನ್ನಂಥವನಿಗೆ ಈ ಎರಡು ಬಗೆಯ ಮೌನಗಳ ವ್ಯತ್ಯಾಸ ಬರಿಯ ಕುದುರೆಯ ಮಾತಾಗಿ ಕಾಣುವುದಿಲ್ಲ. ಬೆತ್ತಕ್ಕೆ ಹೆದರಿ ಸುಮ್ಮನಿರುವ ತರಗತಿಯೂ ಪಾಠದಲ್ಲಿ ಮಗ್ನವಾಗಿ ಸುಮ್ಮನಿರುವ ತರಗತಿಯೂ ಬಾಗಿಲಿನಿಂದ ನೋಡುವವರಿಗೆ ಒಂದೇ ರೀತಿ ತೋರುತ್ತವೆ. ಲೆಕ್ಕ ತಪ್ಪಿದಾಗ ಏಟು ತಿಂದ ಮಗು ತನ್ನ ತಪ್ಪಿಗೆ ಹೆದರುವುದಿಲ್ಲ, ಲೆಕ್ಕಕ್ಕೇ ಹೆದರುತ್ತದೆ. ಕುದುರೆ ಕೊಡೆಗೆ ಹೆದರಿದಂತೆಯೇ ಇದೂ. ಮನೆಯಲ್ಲಿ ಮಕ್ಕಳಿರುವ ಓದುಗರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ನಂಬಿಕೆ ಬಂದಿದೆಯೆಂದು ತಿಳಿಯುವ ಒಂದು ಪರೀಕ್ಷೆಯನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಪಳಗಿದ ಕುದುರೆ ಬೆದರುವುದನ್ನು ಪೂರಾ ಬಿಟ್ಟುಬಿಡುವುದಿಲ್ಲ. ಅದರ ಹುಟ್ಟೇ ಅಂಥದು. ಬೆದರಿದಾಗ ಅದು ಏನು ಮಾಡುತ್ತದೆಂಬುದು ಬದಲಾಗುತ್ತದೆ. ಮೊದಲು ಅದು ಮನುಷ್ಯನಿಂದ ದೂರ ಓಡುತ್ತಿತ್ತು. ಈಗ ಒಂದು ಕ್ಷಣ ನಡುಗಿ ನಿಂತು, ಕಿವಿಯನ್ನು ಪಕ್ಕದಲ್ಲಿರುವವನ ಕಡೆಗೆ ತಿರುಗಿಸುತ್ತದೆ. ಆ ಕ್ಷಣದಲ್ಲಿ ಪಕ್ಕದಲ್ಲಿರುವವನು ಸಮಾಧಾನವಾಗಿ ಉಸಿರಾಡುತ್ತಿದ್ದರೆ ಕುದುರೆಯೂ ಉಸಿರುಬಿಟ್ಟು ಮುಂದೆ ಹೆಜ್ಜೆಯಿಡುತ್ತದೆ. ತನ್ನ ನೆರಳಿಗೆ ಹೆದರುತ್ತಿದ್ದ ಬ್ಯುಸಿಫಲಸ್ ತನ್ನೊಡೆಯನ ಜತೆಯಲ್ಲಿ ನಮ್ಮ ಜೀಲಂ ನದಿಯವರೆಗೂ ಬಂತು. ಕ್ರಿಸ್ತಪೂರ್ವ 326ರಲ್ಲಿ ಪುರು ರಾಜನೊಡನೆ ನಡೆದ ಯುದ್ಧದ ಹೊತ್ತಿಗೆ ಅಲ್ಲಿ ಪ್ರಾಣಬಿಟ್ಟಿತು. ಅದರ ನೆನಪಿಗಾಗಿ ಅಲೆಕ್ಸಾಂಡರನು ಆ ನದಿಯ ದಡದಲ್ಲಿ ಒಂದು ಊರನ್ನೇ ಕಟ್ಟಿಸಿ ಕುದುರೆಯ ಹೆಸರಿಟ್ಟನು.